ಮಣ್ಣಿನಲ್ಲಿ ರಂಜಕ ‘ಹೆಚ್ಚು’, ಆದರೂ ರಾಗಿ ಎಲೆ ನೇರಳೆ ಯಾಕೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಖುಷ್ಕಿ ಹೊಲ, ಕೆಂಪು ಮಣ್ಣು, ಪ್ರತಿ ವರ್ಷ ರಾಗಿ. ಪಕ್ಕದ ಒಂದು ಎಕರೆಗೆ ಬೋರ್‌ವೆಲ್ ಇದೆ, ಅಲ್ಲಿ ಟೊಮೆಟೊ. ಈ ಸಲ ಎಕರೆಗೆ ಒಂದು ಮೂಟೆ ಡಿಎಪಿ ಗೊಬ್ಬರ ಎರಚಿ, ರೋಟವೇಟರ್ ಹೊಡೆಸಿ, ಪುಷ್ಯ ಮಳೆಗೆ ಜಿಪಿಯು-28 ತಳಿಯ ರಾಗಿಯನ್ನು ಕೂರಿಗೆಯಲ್ಲಿ ಬಿತ್ತಿದೆವು. ಆಮೇಲೆ ವಾರಕ್ಕೂ ಜಾಸ್ತಿ ಜಡಿ ಮಳೆ. ಈಗ ಪೈರಿಗೆ 25 ದಿನ. ಕೆಳಗಿನ ಎಲೆಗಳು ತುದಿಯಿಂದ ನೇರಳೆ ಬಣ್ಣಕ್ಕೆ ತಿರುಗಿವೆ. ಹೊಲದ ತಗ್ಗಿನ ಕಡೆ, ಟ್ರ್ಯಾಕ್ಟರ್ ತಿರುಗಿಸುವ ಅಂಚಿನಲ್ಲಿ ಜಾಸ್ತಿ. ಅಂಗಡಿಯವರು ‘ರಂಜಕದ (ಫಾಸ್ಫರಸ್) ಕೊರತೆ, ಇನ್ನೊಂದು ಮೂಟೆ ಡಿಎಪಿ ಹಾಕಿ, 19:19:19 ಗೊಬ್ಬರದ ಪುಡಿ ಸಿಂಪಡಿಸಿ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಬಾಟಲಿಯನ್ನೂ ತಗೊಳ್ಳಿ’ ಅಂದರು. ಪಕ್ಕದ ಹೊಲದವರು ‘ನಮ್ಮ ಮಣ್ಣಲ್ಲಿ ಡಿಎಪಿ ಕಲ್ಲಾಗಿ ಹೋಗುತ್ತೆ, ದುಡ್ಡು ದಂಡ’ ಅನ್ನುತ್ತಾರೆ. ನಮ್ಮ ತಂದೆ ಬರೀ ಕೊಟ್ಟಿಗೆ ಗೊಬ್ಬರದಲ್ಲೇ ರಾಗಿ ಬೆಳೆದವರು. ಇವೆಲ್ಲದರ ಮೇಲೆ, ಮಣ್ಣು ಆರೋಗ್ಯ ಚೀಟಿಯಲ್ಲಿ ರಂಜಕ ‘ಹೆಚ್ಚು’ ಎಂದಿದೆ! ಮಣ್ಣಿನಲ್ಲಿ ಇದ್ದರೆ ಬೆಳೆಗೆ ಯಾಕೆ ಸಿಗುತ್ತಿಲ್ಲ? ಬೇರು ರಂಜಕವನ್ನು ತೆಗೆದುಕೊಳ್ಳುವುದಾದರೂ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಉತ್ತರಕ್ಕೆ ಬೇಕಾದ ಸುಳಿವು ಆಗಲೇ ಇದೆ. ತಗ್ಗಿನ ಕಡೆ ಜಾಸ್ತಿ, ಟ್ರ್ಯಾಕ್ಟರ್ ತಿರುಗಿಸುವ ಅಂಚಿನಲ್ಲಿ ಜಾಸ್ತಿ ಅಂತ ಬರೆದಿದ್ದೀರಿ. ಡಿಎಪಿಯನ್ನು ಹೊಲಕ್ಕೆಲ್ಲ ಒಂದೇ ಸಮ ಎರಚಿದ್ದೀರಿ ಅಲ್ವಾ? ಗೊಬ್ಬರ ಕಡಿಮೆಯಾಗಿದ್ದೇ ಕಾರಣವಾಗಿದ್ದರೆ ನೇರಳೆ ಬಣ್ಣವೂ ಹೆಚ್ಚುಕಡಿಮೆ ಹೊಲಕ್ಕೆಲ್ಲ ಹರಡಬೇಕಿತ್ತು. ನೀರು ನಿಂತ ಕಡೆ ಮತ್ತು ಚಕ್ರ ತುಳಿದ ಕಡೆಯೇ ಜಾಸ್ತಿ ಕಾಣಿಸಿಕೊಂಡಿದೆ ಅಂದರೆ, ನನ್ನ ಅನುಮಾನ ಹೋಗುವುದು ಗೊಬ್ಬರದ ಕಡೆಗಲ್ಲ, ಬೇರಿನ ಕಡೆಗೆ. ಯಾಕೆ ಅನ್ನುವುದಕ್ಕೆ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಸಾರಜನಕ ನೀರಿನಲ್ಲಿ ಕರಗಿ, ಬೇರು ನೀರು ಹೀರುವಾಗ ಅದರ ಜೊತೆಯಲ್ಲೇ ಬಂದುಬಿಡುತ್ತದೆ. ರಂಜಕ ಹಾಗೆ ಬರುವುದಿಲ್ಲ. ಮಣ್ಣಿನ ಕಣಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ, ನೀರಿನಲ್ಲಿ ಕರಗಿರುವುದು ತೀರಾ ಕಡಿಮೆ. ಒಂದು ಸಣ್ಣ ಲೆಕ್ಕ ಹಾಕೋಣ. ಮಣ್ಣಿನೊಳಗಿನ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ರಂಜಕ ಇದೆ ಅಂತ ಇಟ್ಟುಕೊಳ್ಳಿ. ನಮ್ಮ ಕೆಂಪು ಮಣ್ಣಿಗೆ ಇದೇನು ವಿಚಿತ್ರ ಅಂಕಿ ಅಲ್ಲ. ಒಂದು ಎಕರೆ ರಾಗಿ ಬಿತ್ತನೆಯಿಂದ ಕೊಯ್ಲಿನವರೆಗೆ ಹತ್ತು ಲಕ್ಷ ಲೀಟರ್ ನೀರು ಹೀರಿದರೂ, ಅದರ ಜೊತೆ ಬರುವ ರಂಜಕ ಬರೀ 50 ಗ್ರಾಂ. ಎಕರೆಗೆ ಹತ್ತು ಕ್ವಿಂಟಾಲ್ ಬರುವ ಬೆಳೆಗೆ ಬೇಕಾಗುವುದು ಸುಮಾರು ನಾಲ್ಕು ಕೆಜಿ.

ಉಳಿದದ್ದು ಎಲ್ಲಿಂದ ಬರುತ್ತದೆ? ಬೇರಿನ ಪಕ್ಕದಲ್ಲಿರುವ ರಂಜಕವನ್ನು ಬೇರು ಹೀರಿಕೊಂಡಾಗ ಅಲ್ಲಿ ಖಾಲಿಯಾಗುತ್ತದೆ. ಆಗ ಸ್ವಲ್ಪ ದೂರದಲ್ಲಿರುವುದು ಮಣ್ಣಿನ ತೇವದ ಮೂಲಕ ಮೆಲ್ಲಗೆ ಆ ಕಡೆ ಸರಿಯುತ್ತದೆ. ಎಷ್ಟು ಮೆಲ್ಲಗೆ ಅಂದರೆ, ಇಡೀ ದಿನಕ್ಕೆ ಒಂದು ಮಿಲಿಮೀಟರ್ ಕೂಡ ಇಲ್ಲ. ಹಾಗಾಗಿ ಒಂದು ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಕೆಲವೇ ದಿನದಲ್ಲಿ ಮುಗಿಸಿಬಿಡುತ್ತದೆ. ಆಮೇಲೆ ಅದೇ ಜಾಗದಲ್ಲಿ ಕೂತರೆ ಉಪವಾಸ. ರಂಜಕ ಬೇಕು ಅಂದರೆ ಬೇರು ಬೆಳೆಯುತ್ತಲೇ ಇರಬೇಕು, ಹೊಸ ಮಣ್ಣಿಗೆ ನುಗ್ಗುತ್ತಲೇ ಇರಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೇ, ಉಳಿದ ಸಲಹೆಯೆಲ್ಲ ಇದರಿಂದಲೇ ಹುಟ್ಟುತ್ತದೆ.

ಹೀರುವ ಕೆಲಸದಲ್ಲಿ ಬೇರಿನ ತುದಿಯ ಹಿಂದಿರುವ ಎಳೆಯ ಭಾಗದ್ದೇ ದೊಡ್ಡ ಪಾಲು. ಅಲ್ಲಿ ಕಣ್ಣಿಗೆ ಕಂಡೂ ಕಾಣದ ಹಾಗೆ ಬೇರುಗೂದಲು ಇರುತ್ತವೆ. ಒಂದೊಂದೂ ಒಂದು ಮಿಲಿಮೀಟರ್ ಆಸುಪಾಸು ಉದ್ದ. ರಾಗಿ, ಜೋಳ, ಮುಸುಕಿನ ಜೋಳ, ಭತ್ತ ಎಲ್ಲಕ್ಕೂ ತಾಯಿಬೇರಿನ ಬದಲು ಜೊಂಪೆ ಬೇರು, ಎಳೆ ಬೇರಿಗೆಲ್ಲ ಈ ಕೂದಲು. ಆ ಕೂದಲಿನ ಹೊರಪೊರೆಯಲ್ಲಿ ರಂಜಕವನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಪ್ರೋಟೀನುಗಳಿವೆ. ಹೊರಗಿನ ನೀರಿಗಿಂತ ಬೇರಿನ ಜೀವಕೋಶದೊಳಗೆ ರಂಜಕ ಸಾವಿರ ಪಟ್ಟಿಗೂ ಜಾಸ್ತಿ ಸಾಂದ್ರವಾಗಿರುತ್ತದೆ. ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಎಳೆಯಬೇಕಾದರೆ ಶಕ್ತಿ ಖರ್ಚಾಗುತ್ತದೆ. ಆ ಶಕ್ತಿ ಬರುವುದು ಬೇರಿನ ಉಸಿರಾಟದಿಂದ, ಉಸಿರಾಟಕ್ಕೆ ಗಾಳಿ ಬೇಕು.

ಈಗ ನಿಮ್ಮ ಹೊಲಕ್ಕೆ ಬನ್ನಿ. ವಾರಕ್ಕೂ ಜಾಸ್ತಿ ಜಡಿ, ಮೋಡ, ತಂಪು. ತಗ್ಗಿನ ಕಡೆ ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿ ಗಾಳಿ ಇಲ್ಲ. ಚಕ್ರ ತಿರುಗಿದ ಅಂಚಿನಲ್ಲಿ ಮಣ್ಣು ಗಟ್ಟಿಯಾಗಿ ಬೇರು ಇಳಿಯುತ್ತಿಲ್ಲ. ಬೇರು ಉಸಿರಾಡದೆ, ಬೆಳೆಯದೆ ನಿಂತಿತು. ಅದೂ ತೀರಾ ಕೆಟ್ಟ ಸಮಯದಲ್ಲಿ. ರಾಗಿ ಕಾಳು ಎಷ್ಟು ಸಣ್ಣದು ನೋಡಿ, ಸಾವಿರ ಕಾಳು ತೂಗಿದರೆ ಮೂರು ಗ್ರಾಂ ಆಸುಪಾಸು. ಮುಸುಕಿನ ಜೋಳದ ಸಾವಿರ ಕಾಳು ಕಾಲು ಕೆಜಿ ತೂಗುತ್ತವೆ. ಬೀಜದೊಳಗೆ ಕಟ್ಟಿಕೊಂಡು ಬಂದ ರಂಜಕದಲ್ಲೇ ಎಳೆ ಪೈರು ಮೊದಲ ದಿನಗಳನ್ನು ಕಳೆಯುತ್ತದೆ. ರಾಗಿಗೆ ಆ ಬುತ್ತಿ ಬಹಳ ಬೇಗ ಮುಗಿಯುತ್ತದೆ. ನಿಮ್ಮಲ್ಲಿ ಅದು ಮುಗಿಯುವುದಕ್ಕೂ ಜಡಿ ಹಿಡಿಯುವುದಕ್ಕೂ ಸರಿಹೋಯಿತು.

ಬೆಳವಣಿಗೆ ನಿಂತಾಗ ಎಲೆಯಲ್ಲಿ ತಯಾರಾದ ಸಕ್ಕರೆ ಖರ್ಚಾಗದೆ ಅಲ್ಲೇ ಉಳಿಯುತ್ತದೆ, ಅದರ ಜೊತೆ ನೇರಳೆ ಬಣ್ಣ ಕಟ್ಟುತ್ತದೆ. ಕೆಳಗಿನ ಎಲೆ ಮೊದಲು ಬಣ್ಣ ತಿರುಗುವುದು ಯಾಕೆಂದರೆ, ಗಿಡ ತನ್ನ ಹಳೆ ಎಲೆಯಲ್ಲಿರುವ ರಂಜಕವನ್ನೇ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಬರೀ ಚಳಿಗೂ ಹೀಗೆ ಬಣ್ಣ ಬರಬಹುದು. ಕಾಂಡ, ಗಿಣ್ಣು ಹುಟ್ಟಿನಿಂದಲೇ ನೇರಳೆ ಇರುವ ರಾಗಿ ತಳಿಗಳೂ ಇವೆ. ಹಾಗಾಗಿ ಬಣ್ಣ ಕಂಡ ಕೂಡಲೇ ಮಣ್ಣಿನಲ್ಲಿ ರಂಜಕ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಇನ್ನು ಪಕ್ಕದ ಹೊಲದವರ ಮಾತು. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಮಣ್ಣಿನ ಕೆಂಪು ಬಣ್ಣ ಕಬ್ಬಿಣದ್ದು. ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ರಂಜಕವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಮಣ್ಣು ಹುಳಿಯಾದಷ್ಟೂ ಹಿಡಿತ ಬಿಗಿ. ಸುಣ್ಣದಂಶ ಜಾಸ್ತಿ ಇರುವ ಮಣ್ಣಿನಲ್ಲಿ ಅದೇ ಕೆಲಸವನ್ನು ಕ್ಯಾಲ್ಸಿಯಂ ಮಾಡುತ್ತದೆ. ಹಾಕಿದ ಡಿಎಪಿಯ ರಂಜಕದಲ್ಲಿ ಅದೇ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ 10ರಿಂದ 25 ಪಾಲು ಮಾತ್ರ. ಆದರೆ ಉಳಿದದ್ದು ಕಲ್ಲಾಯಿತು ಅನ್ನುವುದು ತಪ್ಪು. ಅದರಲ್ಲಿ ಒಂದು ಪಾಲು ಸಡಿಲ ಹಿಡಿತದಲ್ಲಿ ಉಳಿದು ಮುಂದಿನ ಬೆಳೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋಗುತ್ತದೆ. ಯೂರಿಯಾದ ಹಾಗೆ ಗಾಳಿಗೆ ಹಾರುವುದೂ ಇಲ್ಲ, ನೀರಿನ ಜೊತೆ ಆಳಕ್ಕೆ ಇಳಿದು ಹೋಗುವುದೂ ಕಡಿಮೆ. ಮಣ್ಣೇ ಕೊಚ್ಚಿ ಹೋದರೆ ಮಾತ್ರ ನಷ್ಟ. ಬದು ಗಟ್ಟಿಯಾಗಿದ್ದರೆ ದುಡ್ಡು ನಿಮ್ಮ ಹೊಲದಲ್ಲೇ ಇದೆ.

ನಿಮ್ಮ ಚೀಟಿಯ ‘ಹೆಚ್ಚು’ ಎಲ್ಲಿಂದ ಬಂತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಒಂದು ಮೂಟೆ ಅಂದರೆ 50 ಕೆಜಿ ಡಿಎಪಿ. ಅದರಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಗೊಬ್ಬರದ ಲೆಕ್ಕದಲ್ಲಿ ರಂಜಕ ಅಂದರೆ ಅದರ ಆಕ್ಸೈಡ್ ರೂಪ, ಹಿಂದೆ ಹೇಳಿದ ನಾಲ್ಕು ಕೆಜಿ ಇಲ್ಲಿ ಒಂಬತ್ತು-ಹತ್ತು ಕೆಜಿ ಆಗುತ್ತದೆ. ಹತ್ತು ಕ್ವಿಂಟಾಲ್ ರಾಗಿ ಹೊಲದಿಂದ ಹೊತ್ತೊಯ್ಯುವುದು ಆರೂವರೆ ಕೆಜಿ ಆಸುಪಾಸು, ಹುಲ್ಲು ಸೇರಿಸಿದರೆ ಹತ್ತು. ಹುಲ್ಲಿನದ್ದು ದನದ ಹೊಟ್ಟೆ ಸುತ್ತಿಕೊಂಡು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ವಾಪಸ್ ಬರುತ್ತದೆ. ಪ್ರತಿ ವರ್ಷ 23 ಹಾಕಿ ಹತ್ತು ತೆಗೆದರೆ ಉಳಿದದ್ದು ಜಮಾ ಆಗಲೇಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮಳೆ ಆಶ್ರಯದ ರಾಗಿಗೆ ಹೇಳುವುದು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 50:40:37.5 ಕೆಜಿ, ಅಂದರೆ ಎಕರೆಗೆ ರಂಜಕ 16 ಕೆಜಿ. ಅಂದರೆ 35 ಕೆಜಿ ಡಿಎಪಿ. ಮೂಟೆ ಬಿಚ್ಚಿದ ಮೇಲೆ ಪೂರ್ತಿ ಸುರಿಯುವುದು ನಮ್ಮ ಅಭ್ಯಾಸ, ಏನು ಮಾಡೋಣ.

ಹಾಗಂತ ಚೀಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಖುಷ್ಕಿಯಾದರೆ 10 ಹೆಕ್ಟೇರಿಗೆ, ನೀರಾವರಿಯಾದರೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಪದ್ಧತಿ ಇತ್ತು. ಹತ್ತು ಹೆಕ್ಟೇರ್ ಅಂದರೆ 25 ಎಕರೆ. ಆ ಮಣ್ಣು ನಿಮ್ಮ ರಾಗಿ ಹೊಲದ್ದೋ, ಪಕ್ಕದವರದ್ದೋ, ನಿಮ್ಮದೇ ಟೊಮೆಟೊ ಎಕರೆಯದ್ದೋ? ಟೊಮೆಟೊಗೆ ನಮ್ಮ ಕಡೆ ಬುಡಕ್ಕೂ ಹಾಕಿ, ಡ್ರಿಪ್ಪಿನಲ್ಲೂ ಬಿಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ತೋಟಗಳ ವರದಿ ನೋಡುವಾಗ ರಂಜಕ ‘ಹೆಚ್ಚು’ ಎಂದಿದ್ದರೆ ನನಗೆ ಆಶ್ಚರ್ಯವೇ ಆಗುವುದಿಲ್ಲ. ಖುಷ್ಕಿ ಹೊಲದ ಕಥೆ ಬೇರೆ ಇರಬಹುದು. ಅಂಕಿಯನ್ನೂ ನೋಡಿ. ಹೆಕ್ಟೇರಿಗೆ 23 ಕೆಜಿಗಿಂತ ಕಡಿಮೆಯಾದರೆ ‘ಕಡಿಮೆ’, ಸುಮಾರು 57 ದಾಟಿದರೆ ‘ಹೆಚ್ಚು’. 60 ಇದ್ದರೂ ಹೆಚ್ಚು, 200 ಇದ್ದರೂ ಹೆಚ್ಚು, ಆದರೆ ಎರಡೂ ಒಂದೇ ಅಲ್ಲ.

ನಿಮ್ಮ ತಂದೆಯವರ ಮಾತನ್ನು ನಾನು ಹಳೆಕಾಲದ್ದು ಅಂತ ತಳ್ಳಿಹಾಕುವುದಿಲ್ಲ. ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರಲ್ಲಿ ರಂಜಕ ಆರರಿಂದ ಒಂಬತ್ತು ಕೆಜಿ ಇರುತ್ತದೆ. ಆಗಿನ ಇಳುವರಿಗೆ ಅದು ಸಾಕಾಗಿತ್ತು. ಕೊಳೆತ ಗೊಬ್ಬರದಿಂದ ಬರುವ ಆಮ್ಲಗಳು ಕಬ್ಬಿಣದ ಜಾಗವನ್ನು ತಾವೇ ಹಿಡಿದು ರಂಜಕವನ್ನು ಬಿಡಿಸುತ್ತವೆ. ಮಣ್ಣು ಸಡಿಲವಾಗಿ, ಹದ ಜಾಸ್ತಿ ದಿನ ನಿಲ್ಲುತ್ತದೆ. ಹದ ಆರಿದರೆ ರಂಜಕ ಸರಿಯುವ ದಾರಿಯೇ ಕಡಿದುಹೋಗುತ್ತದೆ, ಆದ್ದರಿಂದ ಇದು ಸಣ್ಣ ಲಾಭವಲ್ಲ. ಜೊತೆಗೆ ಬೇರಿನೊಂದಿಗೆ ಕೂಡಿ ಬಾಳುವ ಮೈಕೋರೈಜಾ ಶಿಲೀಂಧ್ರ ಇದೆ. ಬೇರುಗೂದಲು ಒಂದು ಮಿಲಿಮೀಟರ್ ಹೋದರೆ ಇದರ ಎಳೆಗಳು ಹಲವು ಸೆಂಟಿಮೀಟರ್ ದೂರದಿಂದ ರಂಜಕ ತಂದು ಗಿಡಕ್ಕೆ ಕೊಟ್ಟು, ಬದಲಿಗೆ ಸಕ್ಕರೆ ತೆಗೆದುಕೊಳ್ಳುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಕೆಲಸ ಮಾಡಿದ್ದು ಇದರ ಮೇಲೆಯೇ. ರಾಗಿಗೂ ಇದಕ್ಕೂ ಒಳ್ಳೆಯ ನಂಟು. ಆದರೆ ರಂಜಕದ ಗೊಬ್ಬರ ಅತಿಯಾದರೆ ಗಿಡ ಈ ನಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸತು ಸಿಗುವುದೂ ಕಡಿಮೆಯಾಗುತ್ತದೆ. ಕೋಸು, ಹೂಕೋಸು, ಸಾಸಿವೆ ಬೆಳೆದ ಹೊಲದಲ್ಲೂ ಈ ಶಿಲೀಂಧ್ರ ಕ್ಷೀಣಿಸುತ್ತದೆ, ಆ ಜಾತಿಯ ಗಿಡಗಳು ಇದರ ಜೊತೆ ಕೂಡುವುದೇ ಇಲ್ಲ.

ಅಂಗಡಿಯವರು ಹೇಳಿದ ಮೂರಕ್ಕೂ ಈಗ ಬರೋಣ. ಮೊದಲನೆಯದು ಇನ್ನೊಂದು ಮೂಟೆ ಡಿಎಪಿ. ಬೇಡ. ನಿಂತ ಪೈರಿನ ಮೇಲೆ ಎರಚಿದ ರಂಜಕ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲೇ ಕೂರುತ್ತದೆ. ಅಲ್ಲಿ ಕೆಲಸ ಮಾಡುವ ಬೇರು ಕಡಿಮೆ, ಬಿಸಿಲು ಬಂದರೆ ಆ ಪದರ ಮೊದಲು ಒಣಗುತ್ತದೆ. ‘ಹೋದ ವರ್ಷ ಹಾಕಿದಾಗ ವಾರದಲ್ಲಿ ಹಸಿರಾಯಿತಲ್ಲ ಸಾರ್’ ಅಂತ ರೈತರು ನನಗೆ ಹೇಳುತ್ತಲೇ ಇರುತ್ತಾರೆ. ಹಸಿರಾಗಿದ್ದು ಡಿಎಪಿಯಲ್ಲಿರುವ ಸಾರಜನಕದಿಂದ, ಅಥವಾ ಅಷ್ಟರಲ್ಲಿ ಬಂದ ಬಿಸಿಲಿನಿಂದ. ಅದೇ ಕೆಲಸ ಅರ್ಧ ಮೂಟೆ ಯೂರಿಯಾ ಮಾಡುತ್ತದೆ, ಖರ್ಚು ತೀರಾ ಕಡಿಮೆ.

ಎರಡನೆಯದು 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ ನೂರಕ್ಕೆ 19 ಇರುವ ಪುಡಿ. ಲೀಟರಿಗೆ 5 ಗ್ರಾಂ, ಎಕರೆಗೆ 200 ಲೀಟರ್ ಹೊಡೆದರೆ ಒಂದು ಕೆಜಿ ಪುಡಿ. ಅದರಲ್ಲಿ ರಂಜಕ 190 ಗ್ರಾಂ. ಬೆಳೆಗೆ ಬೇಕಾದದ್ದು ಹತ್ತು ಕೆಜಿ. ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ ನ್ಯಾನೋ ಡಿಎಪಿಯ ಅರ್ಧ ಲೀಟರ್ ಬಾಟಲಿಯಲ್ಲೂ ಇರುವುದು 80 ಗ್ರಾಂ ಆಸುಪಾಸು. ಬೇರು ಸುಸ್ತಾಗಿರುವಾಗ ಎಲೆಯ ಮೂಲಕ ಕೊಟ್ಟ ತುತ್ತು ಎಳೆ ಪೈರಿಗೆ ಸ್ವಲ್ಪ ಚೇತರಿಕೆ ಕೊಡಬಹುದು. ಕೈಯಲ್ಲಿ ಪುಡಿ ಇದ್ದರೆ ಹೊಡೆಯಿರಿ, ಸಾಲ ಮಾಡಿ ತರಬೇಡಿ.

ಮೂರನೆಯದು ಬ್ಯಾಕ್ಟೀರಿಯಾ. ಇದು ಮೋಸ ಅಲ್ಲ, ಪವಾಡವೂ ಅಲ್ಲ. ಈ ಜೀವಾಣುಗಳು ಆಮ್ಲ ಬಿಟ್ಟು ಹಿಡಿದಿಟ್ಟ ರಂಜಕವನ್ನು ಸ್ವಲ್ಪ ಬಿಡಿಸುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿ ಕಾಣುವ ಕೆಲಸ ಹೊಲದಲ್ಲಿ ಒಂದು ಸಲ ಕಾಣುತ್ತದೆ, ಒಂದು ಸಲ ಕಾಣುವುದಿಲ್ಲ. ಬಳಸುವುದಾದರೆ ಬಿತ್ತನೆಗೆ ಮೊದಲು ಬೀಜಕ್ಕೆ ಲೇಪಿಸಬೇಕು, ಇಲ್ಲವೇ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹದವಾದ ಮಣ್ಣಿಗೆ ಸೇರಿಸಬೇಕು. 25 ದಿನದ ಪೈರಿಗೆ ಈಗ ತಂದು ಪ್ರಯೋಜನ ಇಲ್ಲ. ಬಿಸಿಲು ಬೀಳುವ ಕಪಾಟಿನಲ್ಲಿಟ್ಟ ಬಾಟಲಿ, ಅವಧಿ ಮುಗಿದ ಬಾಟಲಿ ಯಾವಾಗಲೂ ಬೇಡ.

ಈಗ ಮಾಡಬೇಕಾದದ್ದು ಸುಲಭ. ಚೆನ್ನಾಗಿರುವ ಜಾಗದಿಂದ ಒಂದೆರಡು ಪೈರು, ನೇರಳೆ ಜಾಗದಿಂದ ಒಂದೆರಡು ಪೈರನ್ನು ಮಣ್ಣಿನ ಸಮೇತ ಸಲಿಕೆಯಲ್ಲಿ ಎತ್ತಿ. ಕೈಯಿಂದ ಎಳೆದರೆ ಬೇರುಗೂದಲೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ನೀರಿನಲ್ಲಿ ಅದ್ದಿ ತೊಳೆದು ಪಕ್ಕಪಕ್ಕ ಇಡಿ. ಬೇರು ಕಂದಾಗಿದೆಯೇ, ಬೆಳ್ಳಗೆ ಹೊಸ ತುದಿ ಇದೆಯೇ, ನೇರ ಇಳಿಯದೆ ಅಡ್ಡ ತಿರುಗಿದೆಯೇ ನೋಡಿ. ಅಡ್ಡ ತಿರುಗಿದ್ದರೆ ಕೆಳಗೆ ಗಟ್ಟಿ ಪದರ ಇದೆ. ರೋಟವೇಟರ್ ಒಂದೇ ಆಳಕ್ಕೆ ವರ್ಷಾನುಗಟ್ಟಲೆ ಹೊಡೆದರೆ ಹಾಗಾಗುತ್ತದೆ. ಆಮೇಲೆ ಸುಳಿಯಿಂದ ಬರುತ್ತಿರುವ ಹೊಸ ಎಲೆ ನೋಡಿ. ಅದು ಹಸಿರಾಗಿದ್ದರೆ ಪೈರು ಗಂಡಾಂತರ ದಾಟಿದೆ ಅಂತ ಅರ್ಥ. ಬಣ್ಣ ತಿರುಗಿದ ಹಳೆ ಎಲೆ ಮತ್ತೆ ಹಸಿರಾಗುವುದಿಲ್ಲ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ತಗ್ಗಿನ ಕಡೆ ನಿಂತ ನೀರನ್ನು ಸಣ್ಣ ಕಾಲುವೆ ತೆಗೆದು ಹೊರಗೆ ಬಿಡಿ. ನೆಲ ಕಾಲಿಗೆ ಅಂಟದಷ್ಟು ಆರಿದ ಮೇಲೆ ಸಾಲಿನ ನಡುವೆ ಕುಂಟೆ ಹೊಡೆಯಿರಿ. ಮೇಲಿನ ಗಟ್ಟಿ ಹಪ್ಪಳ ಒಡೆದು ಬೇರಿಗೆ ಗಾಳಿ ಸಿಗುತ್ತದೆ. ಹದ ನೋಡಿಕೊಂಡು ಮೇಲುಗೊಬ್ಬರವಾಗಿ ಎಕರೆಗೆ ಅರ್ಧ ಮೂಟೆ ಯೂರಿಯಾ ಕೊಡಿ. ಹಸಿ ಮಣ್ಣಿನಲ್ಲಿ ಕುಂಟೆ ಹೊಡೆದರೆ ಮಾತ್ರ ಇದ್ದದ್ದೂ ಕೆಡುತ್ತದೆ. ಹತ್ತು-ಹನ್ನೆರಡು ದಿನದಲ್ಲಿ ತೆಂಡೆ ಒಡೆಯುವುದು ಕಾಣಬೇಕು. ಹೊಸ ಎಲೆಯೂ ನೇರಳೆಯಾಗಿ, ಚೆನ್ನಾಗಿದ್ದ ಜಾಗಕ್ಕೂ ಹರಡಿದರೆ ನನ್ನ ಅಂದಾಜು ತಪ್ಪು, ನಿಮ್ಮ ಹೊಲದಲ್ಲಿ ರಂಜಕ ನಿಜವಾಗಿ ಕಡಿಮೆ ಇದೆ ಅಂತ ಲೆಕ್ಕ. ಆಗಲೂ ಈ ಬೆಳೆಗೆ ಮಾಡಬಹುದಾದದ್ದು ಕಡಿಮೆ, ಮುಂದಿನ ಬಿತ್ತನೆಗೆ ಸರಿಮಾಡಿಕೊಳ್ಳಬೇಕು.

ಮುಂದಿನ ವರ್ಷಕ್ಕೆ, ಗೊಬ್ಬರವನ್ನು ಎರಚುವ ಬದಲು ಸಾಲಿಗೆ ಹಾಕಿ. ಗೊಬ್ಬರವೂ ಬೀಳುವ ಕೂರಿಗೆ ಈಗ ಬಾಡಿಗೆಗೆ ಸಿಗುತ್ತದೆ. ಬೀಜದಿಂದ ಎರಡು ಇಂಚು ಕೆಳಗೆ ಅಥವಾ ಪಕ್ಕಕ್ಕೆ ಬಿದ್ದರೆ ಎಳೆ ಬೇರು ಬುತ್ತಿ ಮುಗಿಯುವ ಹೊತ್ತಿಗೆ ಅಲ್ಲಿಗೆ ತಲುಪುತ್ತದೆ. ಗೊಬ್ಬರ ಒಂದೇ ಗೆರೆಯಲ್ಲಿ ಇದ್ದರೆ ಅದನ್ನು ಹಿಡಿಯುವ ಮಣ್ಣೂ ಕಡಿಮೆ. ಎರಚಿ ಮಣ್ಣಿಗೆಲ್ಲ ಬೆರೆಸಿದರೆ ಕಬ್ಬಿಣಕ್ಕೆ ನೀವೇ ಊಟ ಬಡಿಸಿದ ಹಾಗೆ. ಬೀಜದ ಜೊತೆ ಡಿಎಪಿ ಬೆರೆಸಿ ಬಿತ್ತುವವರಿದ್ದಾರೆ. ಹದ ಕಡಿಮೆಯಾದರೆ ಅದರಿಂದ ಹೊರಡುವ ಅಮೋನಿಯಾ ಮೊಳಕೆಯನ್ನು ಸುಡುತ್ತದೆ, ಆ ಅಪಾಯ ಬೇಡ. ಡಿಎಪಿ ಬದಲು ಹಾಕಬಹುದಾದ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ರಂಜಕ ನೂರಕ್ಕೆ 16, ಹಾಗಾಗಿ 16 ಕೆಜಿಗೆ ಎರಡು ಮೂಟೆ ಬೇಕು. ಹೊರುವ ಕೆಲಸ ಜಾಸ್ತಿ, ಆದರೆ ಗಂಧಕ, ಕ್ಯಾಲ್ಸಿಯಂ ಕೂಡ ಸಿಗುತ್ತವೆ. ರಾಗಿ ಕೊಯ್ದ ಮೇಲೆ ಹದ ಇರುವಾಗಲೇ ಮಾಗಿ ಉಳುಮೆ ಮಾಡಿಸಿ, ನೇಗಿಲು ರೋಟವೇಟರಿಗಿಂತ ಆಳಕ್ಕೆ ಹೋಗಲಿ.

ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲನ್ನು ಕೈಬಿಟ್ಟಿದ್ದೀರಾ? ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ ನೋಡಿ. ತೊಗರಿ ಬೇರು ಪಿಸಿಡಿಕ್ ಆಮ್ಲ ಅನ್ನುವುದನ್ನು ಬಿಟ್ಟು, ಕಬ್ಬಿಣ ಹಿಡಿದಿಟ್ಟ ರಂಜಕವನ್ನೇ ಬಿಡಿಸಿಕೊಳ್ಳುತ್ತದೆ. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು 1990ರಲ್ಲಿ ಇದನ್ನು ತೋರಿಸಿದರು. ರಾಗಿ, ಜೋಳದಂಥ ಬೆಳೆಗೆ ಈ ವಿದ್ಯೆ ಅಷ್ಟಾಗಿ ಬರುವುದಿಲ್ಲ. ತೊಗರಿಯ ಎಲೆ ಉದುರಿ ಕೊಳೆತಾಗ ಆ ರಂಜಕ ಮೇಲ್ಮಣ್ಣಿಗೆ ಸೇರುತ್ತದೆ. ತೊಂದರೆಯೂ ಇದೆ. ಅಕ್ಕಡಿ ಇದ್ದರೆ ಮಿಷಿನ್ ಕೊಯ್ಲು ಕಷ್ಟ, ಆಳು ಬೇಕು. ಪುಷ್ಯ ಮಳೆಗೆ ಬಿತ್ತುವಷ್ಟು ತಡವಾದರೆ ತೊಗರಿಗಿಂತ ಅವರೆ ಮೇಲು, ಆದರೆ ಅವರೆಗೂ ಈ ಗುಣ ಇದೆ ಅಂತ ನಾನು ಹೇಳುವುದಿಲ್ಲ.

ಸುಣ್ಣ ಹಾಕಲೇ ಅಂತ ಮುಂದಿನ ಪ್ರಶ್ನೆ ಬರಬಹುದು. ಮಣ್ಣಿನ ರಸಸಾರ (ಪಿಎಚ್) ನೋಡದೆ ಹಾಕಬೇಡಿ. ರಂಜಕ ಚೆನ್ನಾಗಿ ಸಿಗುವುದು ರಸಸಾರ 6ರಿಂದ 7ರ ನಡುವೆ ಇದ್ದಾಗ. 5.5ಕ್ಕಿಂತ ಕೆಳಗಿದ್ದರೆ ಪರೀಕ್ಷೆಯಲ್ಲಿ ಹೇಳಿದಷ್ಟು ಸುಣ್ಣ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಹಿಡಿತ ಸಡಿಲವಾಗುತ್ತದೆ. ಏಳರ ಮೇಲಿರುವ ಮಣ್ಣಿಗೆ ಸುಣ್ಣ ಹಾಕಿದರೆ ಇದ್ದ ರಂಜಕವೂ ಕೈಗೆ ಸಿಗದ ಹಾಗೆ ಆಗುತ್ತದೆ.

ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲು, ನಿಮ್ಮ ಹೊಲದ್ದೇ ಮಣ್ಣು ಪರೀಕ್ಷೆ ಮಾಡಿಸಿ. ರಾಗಿ ಹೊಲಕ್ಕೆ ಒಂದು ಚೀಲ, ಟೊಮೆಟೊ ಎಕರೆಗೆ ಇನ್ನೊಂದು. ಬದು, ಮರದ ನೆರಳು, ಹಳೆ ತಿಪ್ಪೆ ಜಾಗ ಬಿಟ್ಟು ಎಂಟು-ಹತ್ತು ಕಡೆ ಆರು ಇಂಚು ಆಳದವರೆಗೆ ಕೆತ್ತಿ, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ರಸಸಾರ, ರಂಜಕ, ಸತು ಮೂರನ್ನೂ ಕೇಳಿ. ರಾಗಿ ಹೊಲದಲ್ಲಿ ರಂಜಕ 57 ದಾಟಿದ್ದರೆ 16 ಕೆಜಿಯ ಬದಲು ಅರ್ಧ ಸಾಕು, ಅದೂ ಸಾಲಿಗೆ. ಸತು ಕೊರತೆ ಎಂದು ಬಂದರೆ ಎಕರೆಗೆ 5 ಕೆಜಿ ಸತುವಿನ ಸಲ್ಫೇಟ್ ಹಾಕಿ, ಡಿಎಪಿ ಜೊತೆ ಮಾತ್ರ ಬೆರೆಸಬೇಡಿ. ಟೊಮೆಟೊ ಎಕರೆಯ ಅಂಕಿ ಇನ್ನೂ ಜಾಸ್ತಿ ಬರುತ್ತದೆ ಅನ್ನುವುದು ನನ್ನ ನಿರೀಕ್ಷೆ. ಹಾಗಿದ್ದರೆ ಒಂದು ವರ್ಷ ಅಲ್ಲಿ ಟೊಮೆಟೊ ಬಿಟ್ಟು ರಾಗಿ ಹಾಕಿ, ರಂಜಕದ ಗೊಬ್ಬರ ಒಂದು ಹಿಡಿಯೂ ಬೇಡ. ಸಾರಜನಕವನ್ನೂ ಹಿಡಿತದಲ್ಲಿಡಿ, ಹಳೆ ಗೊಬ್ಬರದ ಬಲಕ್ಕೆ ರಾಗಿ ಎತ್ತರ ಬೆಳೆದು ತೆನೆ ಭಾರಕ್ಕೆ ಮಲಗುತ್ತದೆ.